ನಿಮ್ಮ ಕೆರೆಯ ಕೆಳಗೆ ಯಾರಿದ್ದಾರೆ?

ಮಲೆನಾಡಿನ, ಕೊಡಗಿನ ಕಾಫಿ ಬೆಳೆಗಾರರೇ, ಮಳೆ ಹಿಡಿಯುವ ಮುನ್ನ ನಿಮ್ಮನ್ನು ಒಂದು ಮಾತು ಕೇಳಬೇಕಾಗಿದೆ. ನಿಮ್ಮ ತೋಟದ ಕೆರೆಯ ಏರಿ ಇವತ್ತು ರಾತ್ರಿ ಒಡೆದರೆ ನೀರು ಮೊದಲು ಯಾರ ಬಾಗಿಲಿಗೆ ಹೋಗುತ್ತದೆ? ಆ ಮನೆಯಲ್ಲಿ ಮಲಗುವವರು ಎಷ್ಟು ಜನ, ಮಕ್ಕಳೆಷ್ಟು, ಎದ್ದು ಓಡಲಾಗದ ಮುದುಕರೆಷ್ಟು? ಈ ಪ್ರಶ್ನೆಗೆ ತಡವರಿಸದೆ ಉತ್ತರ ಹೇಳಬಲ್ಲವರು ನಮ್ಮಲ್ಲಿ ತೀರಾ ಕಡಿಮೆ ಎಂಬ ಭಯದಿಂದಲೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆ ಕೆರೆ ಯಾಕೆ ಬೇಕು ಎಂದು ಯಾರಿಗೂ ವಿವರಿಸಬೇಕಿಲ್ಲ. ಫೆಬ್ರವರಿ–ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟರೆ ರೋಬಸ್ಟಾ ಬೆಳೆಗಾರನ ವರ್ಷವೇ ಹೋದಂತೆ. ಒಂದು ಎಕರೆಗೆ ಒಂದು ಇಂಚಿನಷ್ಟು ಸ್ಪ್ರಿಂಕ್ಲರ್ ನೀರು ಕೊಡಲು ಸುಮಾರು 1 ಲಕ್ಷ ಲೀಟರ್ ಬೇಕು. ಹೂವಿಗೊಮ್ಮೆ ಕೊಟ್ಟು ಮುಗಿಯುವುದಿಲ್ಲ, ಕಾಯಿ ಕಟ್ಟಲು ಬ್ಯಾಕಿಂಗ್ ಎಂದು ಮತ್ತೊಮ್ಮೆ ಕೊಡಬೇಕು. ಅದಕ್ಕೇ ಎರಡು ಗುಡ್ಡ ಸೇರುವ ಕಡೆ, ಹಿಂದೆ ಗದ್ದೆಯಿದ್ದ ಜಾಗದಲ್ಲಿ, ಹಳ್ಳಕ್ಕೆ ಅಡ್ಡಲಾಗಿ ಮಣ್ಣು ಏರಿಸಿ ನೀರು ನಿಲ್ಲಿಸುತ್ತೇವೆ. ಹಾಗೆ ನಿಲ್ಲಿಸುವುದು ತಪ್ಪಲ್ಲ. ಆದರೆ ಹಿಟಾಚಿ ತರಿಸಿ, ಡ್ರೈವರನಿಗೆ ಕೈ ತೋರಿಸಿ, ನಾಲ್ಕು ದಿನದಲ್ಲಿ ಗುಡ್ಡ ಕೆರೆದು ರಾಶಿ ಹಾಕಿಸಿದ ಮಣ್ಣನ್ನು ಏರಿ ಎಂದು ಕರೆಯುತ್ತಿದ್ದೇವಲ್ಲ, ಅದು ತಪ್ಪು. ರೋಬಸ್ಟಾ ದರ ಏರಿದ ಮೇಲೆ ಇದ್ದ ಏರಿಯ ಮೇಲೆಯೇ ಇನ್ನಷ್ಟು ಮಣ್ಣು ಸುರಿದು ಎತ್ತರಿಸುವುದು ಇನ್ನೂ ದೊಡ್ಡ ತಪ್ಪು.

'ಸಣ್ಣ ಕೆರೆ, ಅದರಿಂದ ಏನಾದೀತು' ಎಂಬ ಮಾತು ನಿಮ್ಮ ಬಾಯಿಗೆ ಬಂದಿದ್ದರೆ ದಯವಿಟ್ಟು ಲೆಕ್ಕ ಹಾಕಿ. ಒಂದು ಎಕರೆ ಹರವಿನ, ಸರಾಸರಿ 3 ಮೀಟರ್ ಆಳದ ಕೆರೆಯಲ್ಲಿ 12 ಸಾವಿರ ಘನ ಮೀಟರ್ ನೀರಿರುತ್ತದೆ. ತೂಕದಲ್ಲಿ ಹೇಳುವುದಾದರೆ 12 ಸಾವಿರ ಟನ್. ಈ ಭಾರ ಕಾರ್ಮಿಕರ ಲೈನ್ ಮನೆಗಳ ನೆತ್ತಿಯ ಮೇಲೆ, ಗುಡ್ಡದ ಮಡಿಲಲ್ಲಿ ನಿಂತಿದೆ. ಮಣ್ಣಿನ ಏರಿ ಒಮ್ಮೆ ಬಾಯಿ ಬಿಟ್ಟರೆ ಇಷ್ಟೂ ನೀರು ಕೆಲವೇ ನಿಮಿಷಗಳಲ್ಲಿ, ಕಲ್ಲು, ಮರ, ಕೆಸರನ್ನೆಲ್ಲ ಹೊತ್ತು ಇಳಿಯುತ್ತದೆ.

ಇದು ನಡೆದೇ ಇದೆ, ಅದೂ ಕಾಫಿ ತೋಟದಲ್ಲಿ. ಕೀನ್ಯಾದ ನಕುರು ಕೌಂಟಿಯಲ್ಲಿ ಸೊಲಾಯ್ ಎಂಬ ಊರಿದೆ. ಅಲ್ಲಿನ ಖಾಸಗಿ ಕಾಫಿ ಎಸ್ಟೇಟಿನವರು ತಮ್ಮ ನೀರಾವರಿಗೆಂದು ಗುಡ್ಡದ ಮೇಲೆ ಮಣ್ಣಿನ ಕಟ್ಟೆಗಳನ್ನು ಕಟ್ಟಿಕೊಂಡಿದ್ದರು. 2018ರಲ್ಲಿ ಬರಗಾಲದ ಬೆನ್ನಿಗೇ ಜಡಿಮಳೆ ಬಂತು. ಮೇ 9ರ ರಾತ್ರಿ, ಊರಿನವರು ಪಟೇಲ್ ಅಣೆಕಟ್ಟು ಎಂದು ಕರೆಯುತ್ತಿದ್ದ ಕಟ್ಟೆ ಒಡೆಯಿತು. ಕೆಳಗಿದ್ದ ಬಡವರ ಮನೆಗಳು ಬುಡಸಮೇತ ಕೊಚ್ಚಿಹೋದವು. ಸತ್ತವರು 45ಕ್ಕೂ ಹೆಚ್ಚು. ಅವರಲ್ಲಿ ಮಕ್ಕಳೇ ಬಹಳ. ಆ ಕಟ್ಟೆಗಳಿಗೆ ಪರವಾನಗಿಯೇ ಇರಲಿಲ್ಲವೆಂದು ಅಲ್ಲಿನ ಜಲಸಂಪನ್ಮೂಲ ಪ್ರಾಧಿಕಾರ ಆಮೇಲೆ ಹೇಳಿತು. ಮಾಲೀಕರ ಜೊತೆ ಅಧಿಕಾರಿಗಳ ಮೇಲೂ ಮೊಕದ್ದಮೆ ಬಿತ್ತು, ಕೇಸು ವರ್ಷಗಟ್ಟಲೆ ಎಳೆಯಿತು. ಆ ತೋಟದವರೇನೂ ಕೊಲೆಗಡುಕರಾಗಿರಲಿಲ್ಲ. ನಮ್ಮ ಹಾಗೆಯೇ ಬೇಸಿಗೆಯ ನೀರಿನ ಚಿಂತೆಯಲ್ಲಿದ್ದವರು. ಕೆಳಗಿನವರ ಚಿಂತೆ ಯಾರ ಪಟ್ಟಿಯಲ್ಲೂ ಇರಲಿಲ್ಲ, ಅಷ್ಟೇ. ಆ 'ಅಷ್ಟೇ' ಎನ್ನುವುದರಲ್ಲಿ 45ಕ್ಕೂ ಹೆಚ್ಚು ಹೆಣಗಳಿವೆ.

ಮಣ್ಣಿನ ಏರಿ ಸಾಯುವ ಬಗೆ ಎರಡು ಮುಖ್ಯ. ನೀರು ತಲೆಯ ಮೇಲೆ ಹರಿದರೆ ಸಾಯುತ್ತದೆ, ಇಲ್ಲವೇ ನೀರು ಹೊಟ್ಟೆಯೊಳಗೆ ದಾರಿ ಮಾಡಿಕೊಂಡರೆ ಸಾಯುತ್ತದೆ.

ತಲೆಯ ಮೇಲೆ ಹರಿಯದಂತೆ ಕಾಯುವುದು ಕೋಡಿ. ನಮ್ಮ ಹಿರಿಯರ ಕೆರೆಗಳಲ್ಲಿ ಕೋಡಿ ಕಲ್ಲುಕಟ್ಟಡದ್ದು, ಏರಿಯಿಂದ ದೂರ, ಗಟ್ಟಿ ನೆಲದ ಮೇಲೆ, ಅಗಲವಾಗಿ ಇರುತ್ತಿತ್ತು. ನಮ್ಮ ತೋಟದ ಕೆರೆಗಳಲ್ಲಿ ಎಷ್ಟೋ ಕಡೆ ಕೋಡಿ ಎಂದರೆ ಏರಿಯೊಳಗೆ ಹೂತಿಟ್ಟ ಆರಿಂಚಿನ ಪಿವಿಸಿ ಪೈಪು. ಕೆರೆಗೆ 100 ಎಕರೆ ಗುಡ್ಡದ ನೀರು ಬರುತ್ತದೆ ಎಂದುಕೊಳ್ಳಿ. ಆಗಸ್ಟ್‌ನಲ್ಲಿ ಒಂದೇ ದಿನ 200 ಮಿಲಿಮೀಟರ್ ಮಳೆ ಸುರಿಯುವುದು ನಮಗೆ ಹೊಸದಲ್ಲ. ಅಂಥ ಒಂದು ದಿನ ಆ ಗುಡ್ಡದ ಮೇಲೆ ಬೀಳುವ ನೀರು 8 ಕೋಟಿ ಲೀಟರ್. ಅರ್ಧ ಇಂಗಿಹೋದರೂ 4 ಕೋಟಿ ಲೀಟರ್ ಹರಿದು ಬರುತ್ತದೆ. ಕೆರೆ ಹಿಡಿಯುವುದು 1 ಕೋಟಿ 20 ಲಕ್ಷ ಲೀಟರ್, ಆಗಸ್ಟ್ ಹೊತ್ತಿಗೆ ಅದೂ ತುಂಬಿಯೇ ಇರುತ್ತದೆ. ಬಂದದ್ದನ್ನೆಲ್ಲ ಸಾಗಿಸುವ ಶಕ್ತಿಯ ಹತ್ತಿರಕ್ಕೂ ಆರಿಂಚಿನ ಪೈಪು ಬಾರದು. ಪೈಪಿನ ಬಾಯಿಗೆ ಸಿಲ್ವರ್ ಓಕ್ ಎಲೆ, ಕೊಂಬೆ ಕಟ್ಟಿಕೊಂಡರಂತೂ ಮುಗಿಯಿತು.

ಕೋಡಿಗೆ ಅಡ್ಡಲಾಗಿ ಮೀನು ಬಲೆ ಕಟ್ಟಿರುವ ಕೆರೆಗಳನ್ನು ನೋಡಿದ್ದೇನೆ. ಕಾಟ್ಲಾ, ರೋಹು ಮರಿ ಬಿಟ್ಟಿರುತ್ತಾರೆ, ಮಳೆಗಾಲದಲ್ಲಿ ಹಳ್ಳಕ್ಕೆ ಇಳಿದುಹೋಗದಿರಲಿ ಎಂದು. ಇದನ್ನು ಕಂಡಾಗಲೆಲ್ಲ ಅಮೆರಿಕದ ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಕಟ್ಟೆ ನೆನಪಾಗಿ ಎದೆ ಝಲ್ಲೆನ್ನುತ್ತದೆ. ಅದೂ ಮಣ್ಣಿನ ಕಟ್ಟೆ, ಅದೂ ಖಾಸಗಿಯವರದ್ದು. ಆಂಡ್ರ್ಯೂ ಕಾರ್ನೆಗಿಯಂಥ ಶ್ರೀಮಂತರು ಸದಸ್ಯರಾಗಿದ್ದ ಮೀನುಗಾರಿಕೆ ಮತ್ತು ಬೇಟೆಯ ಕ್ಲಬ್ಬೊಂದು ಅದರ ಒಡೆತನ ಹೊಂದಿತ್ತು. ಕೆಳಭಾಗದಲ್ಲಿ ನೀರು ಬಿಡಲು ಇದ್ದ ಎರಕದ ಕಬ್ಬಿಣದ ಪೈಪುಗಳನ್ನು ಹಿಂದಿನ ಒಡೆಯನೊಬ್ಬ ಕಿತ್ತು ಗುಜರಿಗೆ ಮಾರಿದ್ದ. ಅವನ್ನು ಮತ್ತೆ ಹಾಕಿಸಲಿಲ್ಲ. ಕುದುರೆಗಾಡಿ ಓಡಾಡಲು ಅನುಕೂಲವಾಗಲೆಂದು ಏರಿಯ ತಲೆಯನ್ನು ತಗ್ಗಿಸಿದರು. ಸಾಕಿದ ಮೀನು ತಪ್ಪಿಸಿಕೊಳ್ಳದಿರಲೆಂದು ಕೋಡಿಗೆ ಜಾಲರಿ ಹಾಕಿದರು. 1889ರ ಮೇ 31ರಂದು, ರಾತ್ರಿಯಿಡೀ ಸುರಿದ ಮಳೆಯ ನಂತರ, ಆ ಜಾಲರಿಗೆ ಕಸಕಡ್ಡಿ ಕಟ್ಟಿಕೊಂಡಿತು. ನೀರು ಏರಿಯ ಮೇಲೆ ಹತ್ತಿತು. ಕಣಿವೆಯ ಕೆಳಗಿದ್ದ ಜಾನ್ಸ್‌ಟೌನ್ ಎಂಬ ಕಾರ್ಮಿಕರ ಊರಿನಲ್ಲಿ ಸತ್ತವರು 2,209. ಕ್ಲಬ್ಬಿನವರು ನ್ಯಾಯಾಲಯದಲ್ಲಿ ಒಂದು ಡಾಲರ್ ಪರಿಹಾರವನ್ನೂ ಕಟ್ಟಬೇಕಾಗಿ ಬರಲಿಲ್ಲ. ಅಲ್ಲಿನ ಒಂದೊಂದು ತಪ್ಪೂ ನಮ್ಮ ತೋಟಗಳಲ್ಲಿ ಇವತ್ತು ನಡೆಯುತ್ತಿದೆ. ಜೀಪು ಹೋಗಲೆಂದು ಏರಿ ತಗ್ಗಿಸುತ್ತೇವೆ, ತೂಬು ಇಡುವುದೇ ಇಲ್ಲ, ಕೋಡಿಗೆ ಬಲೆ ಕಟ್ಟುತ್ತೇವೆ.

ಹವಾಯಿಯ ಕಾ ಲೋಕೋ ಕಟ್ಟೆಯದು ಇನ್ನೂ ಸರಳ ಕಥೆ. ಜಮೀನಿನ ಒಡೆಯ ನೆಲ ಸಮ ಮಾಡಿಸುವಾಗ ಕೋಡಿ ಮುಚ್ಚಿಹೋಯಿತು. 2006ರ ಮಾರ್ಚ್ 14ರ ಬೆಳಗಿನ ಜಾವ ಏರಿ ಒಡೆದು 7 ಜನ ಸತ್ತರು, ಅವರಲ್ಲೊಬ್ಬಳು ಗರ್ಭಿಣಿ. ವರ್ಷಗಳ ನಂತರ ಆ ಒಡೆಯನಿಗೆ ಜೈಲಾಯಿತು.

ಇನ್ನು ಹೊಟ್ಟೆಯೊಳಗಿನ ದಾರಿ. ಇದು ಕಣ್ಣಿಗೆ ಬೀಳುವುದು ತಡವಾಗಿ, ಆದ್ದರಿಂದ ಹೆಚ್ಚು ಭಯಾನಕ. ಏರಿ ಕಟ್ಟುವಾಗ ಮೇಲ್ಮಣ್ಣು, ಬೇರು, ಕೆಸರು ತೆಗೆದು ಗಟ್ಟಿ ನೆಲ ಸಿಗುವವರೆಗೆ ಕಂದಕ ತೋಡಿ ಜೇಡಿಮಣ್ಣು ತುಂಬಬೇಕು. ಆಮೇಲೆ ಅರ್ಧ ಅಡಿಗೊಂದು ಪದರದಂತೆ ಮಣ್ಣು ಹರಡಿ, ನೀರು ಚಿಮುಕಿಸಿ, ರೋಲರ್ ಓಡಿಸಿ ಬಿಗಿ ಮಾಡಬೇಕು. ಗದ್ದೆಯ ಕೆಸರಿನ ಮೇಲೆಯೇ ರಾಶಿ ಹಾಕಿ, ಹಿಟಾಚಿಯ ಬಕೆಟ್ಟಿನಿಂದ ನಾಲ್ಕು ಸಲ ತಟ್ಟಿದರೆ ಮಣ್ಣು ಬಿಗಿಯಾಗುವುದಿಲ್ಲ. ಏರಿಯೊಳಗೆ ಹಾದುಹೋಗುವ ಪೈಪಿನ ಸುತ್ತ ಮಣ್ಣು ಸಡಿಲವಾಗಿದ್ದರೆ ನೀರು ಪೈಪಿನ ಹೊರಮೈ ಹಿಡಿದೇ ಹರಿಯಲು ಶುರುಮಾಡುತ್ತದೆ. ಏಡಿ, ಹೆಗ್ಗಣ, ಮುಳ್ಳುಹಂದಿ ತೋಡಿದ ಬಿಲ, ಹುತ್ತದೊಳಗಿನ ಕೊರಕಲು, ಎಲ್ಲವೂ ಅದಕ್ಕೆ ದಾರಿಯೇ. ಏರಿಯ ಮೇಲೆ ಸಿಲ್ವರ್ ಓಕ್ ನೆಟ್ಟು ಮೆಣಸಿನ ಬಳ್ಳಿ ಹಬ್ಬಿಸಿದವರಿದ್ದಾರೆ. ಜಾಗ ಹಾಳಾಗಬಾರದು ಎಂಬ ಜಿಪುಣತನ ನಮ್ಮ ರಕ್ತದಲ್ಲೇ ಇದೆ. ಆದರೆ ಆ ಮರ ಬದುಕಿರುವಾಗ ಗಾಳಿಗೆ ಏರಿಯನ್ನು ಅಲುಗಿಸುತ್ತದೆ, ಸತ್ತ ಮೇಲೆ ಅದರ ಕೊಳೆತ ಬೇರು ನೀರಿಗೆ ಸುರಂಗವಾಗುತ್ತದೆ. ಏರಿಗೆ ಬೇಕಾದ್ದು ಗರಿಕೆ, ಲಾವಂಚ. ಮರವಲ್ಲ.

ನಮ್ಮ ಕೃಷಿಯ ಕಾಲಚಕ್ರವೂ ಏರಿಗೆ ಒಳ್ಳೆಯದಲ್ಲ ಎಂಬುದನ್ನು ಯಾರೂ ಎತ್ತಿ ಹೇಳುವುದಿಲ್ಲ. ಫೆಬ್ರವರಿಯಲ್ಲಿ ಮೂರು ಮೋಟಾರು ಹಾಕಿ ನೀರೆಳೆದು ಕೆರೆಯನ್ನು ಒಂದೇ ವಾರದಲ್ಲಿ ಖಾಲಿ ಮಾಡುತ್ತೇವೆ. ನೆನೆದ ಮಣ್ಣಿಗೆ ಎದುರು ಆಸರೆಯಾಗಿದ್ದ ನೀರು ಹಾಗೆ ದಿಢೀರನೆ ಇಳಿದರೆ ಏರಿಯ ಒಳಮೈ ಜಗ್ಗಿ ಜಾರುತ್ತದೆ. ಆಮೇಲೆ ಏಪ್ರಿಲ್–ಮೇ ಬಿಸಿಲಿಗೆ ಮಣ್ಣು ಒಣಗಿ ಬಿರುಕು ಬಿಡುತ್ತದೆ. ಜೂನ್–ಜುಲೈನಲ್ಲಿ ಅದೇ ಬಿರುಕಿಗೆ ನೀರು ನುಗ್ಗುತ್ತದೆ. ಹೊಸ ಏರಿಯಂತೂ ಮೊದಲ ಸಲ ತುಂಬುವಾಗಲೇ ಹೆಚ್ಚು ಅಪಾಯದಲ್ಲಿರುತ್ತದೆ. ಈ ಬೇಸಿಗೆಯಲ್ಲಿ ಕಟ್ಟಿಸಿದ ಕೆರೆಯಿದ್ದರೆ ಈ ಮಳೆಗಾಲವೇ ಅದರ ಪರೀಕ್ಷೆ. ಆ ಪರೀಕ್ಷೆಯ ಫಲಿತಾಂಶ ಬರುವುದು ಕೆಳಗಿನ ಮನೆಗಳಿಗೆ.

ಸರ್ಕಾರ ನೋಡಿಕೊಳ್ಳುತ್ತದೆ ಎಂದುಕೊಳ್ಳಬೇಡಿ. ನಮ್ಮ ದೇಶದ ಅಣೆಕಟ್ಟು ಸುರಕ್ಷತಾ ಕಾಯ್ದೆ ಬಂದದ್ದು 2021ರಲ್ಲಿ. ಅದು ಅನ್ವಯವಾಗುವುದು 15 ಮೀಟರಿಗಿಂತ ಎತ್ತರದ ಕಟ್ಟೆಗಳಿಗೆ. 10ರಿಂದ 15 ಮೀಟರಿನವು ಅದರೊಳಗೆ ಬರಬೇಕಾದರೆ ಏರಿಯ ಉದ್ದ 500 ಮೀಟರ್ ಇರಬೇಕು, ಇಲ್ಲವೇ 10 ಲಕ್ಷ ಘನ ಮೀಟರ್ ನೀರು ಹಿಡಿಯಬೇಕು, ಇಲ್ಲವೇ ಅಂಥದ್ದೇ ಬೇರೊಂದು ವಿಶೇಷವಿರಬೇಕು. 9 ಮೀಟರ್ ಎತ್ತರದ ತೋಟದ ಕೆರೆಯ ಕೆಳಗೆ ಇಪ್ಪತ್ತು ಸಂಸಾರಗಳಿದ್ದರೂ ಆ ಕಾಯ್ದೆಗೆ ಅದು ಕಾಣುವುದಿಲ್ಲ. ಬ್ರಿಟನ್ನಿನಲ್ಲಿ ಹಾಗಲ್ಲ. 1925ರಲ್ಲಿ ವೇಲ್ಸ್‌ನ ಡಾಲ್ಗಾರೊಗ್ ಎಂಬ ಹಳ್ಳಿಯ ಮೇಲೆ ಅಲ್ಯೂಮಿನಿಯಂ ಕಂಪನಿಯೊಂದರ ಜಲಾಶಯಗಳು ಒಡೆದು 16 ಜನ ಸತ್ತರು. 1930ರಲ್ಲಿ ಕಾಯ್ದೆ ಬಂತು. 1975ರ ಕಾಯ್ದೆಗೂ ಅಳತೆಗೋಲು ಎತ್ತರವಲ್ಲ, ನೀರಿನ ಪ್ರಮಾಣ. 25 ಸಾವಿರ ಘನ ಮೀಟರಿಗಿಂತ ಹೆಚ್ಚು ನೀರು ನಿಲ್ಲಿಸಿದವನು ಯಾರೇ ಆಗಲಿ, ಮಾನ್ಯತೆ ಪಡೆದ ಎಂಜಿನಿಯರ್‌ನಿಂದ ತಪಾಸಣೆ ಮಾಡಿಸಲೇಬೇಕಾಯಿತು. ಅಂದರೆ ನಮ್ಮಲ್ಲಿನ ಎರಡೂವರೆ ಎಕರೆಯ ಒಂದು ಕೆರೆ ಅಲ್ಲಿದ್ದಿದ್ದರೆ ಆ ಕಾನೂನಿನೊಳಗೆ ಬರುತ್ತಿತ್ತು. ಅಮೆರಿಕದಲ್ಲಿ 1977ರ ನವೆಂಬರ್‌ನಲ್ಲಿ ಜಾರ್ಜಿಯಾದ ಕೆಲ್ಲಿ ಬಾರ್ನ್ಸ್ ಎಂಬ ಸಣ್ಣ ಮಣ್ಣಿನ ಕಟ್ಟೆ ನಡುರಾತ್ರಿ ಒಡೆದು, ಕೆಳಗಿದ್ದ ಬೈಬಲ್ ಕಾಲೇಜಿನ ಆವರಣದಲ್ಲಿ 39 ಜನ ಸತ್ತರು. ಅದು ಆ ಕಾಲೇಜಿನದೇ ಕಟ್ಟೆ. ಅಧ್ಯಕ್ಷ ಜಿಮ್ಮಿ ಕಾರ್ಟರ್ ಅದೇ ರಾಜ್ಯದವರು. ದೇಶದ ಅಪಾಯಕಾರಿ ಖಾಸಗಿ ಮತ್ತು ಸ್ಥಳೀಯ ಕಟ್ಟೆಗಳನ್ನೆಲ್ಲ ಪರೀಕ್ಷಿಸಿ ಎಂದು ಸೇನೆಯ ಎಂಜಿನಿಯರ್‌ಗಳಿಗೆ ಹೇಳಿದರು. ಸುಮಾರು 9 ಸಾವಿರ ಕಟ್ಟೆ ನೋಡಿದಾಗ ಮೂರರಲ್ಲಿ ಒಂದು ಸುರಕ್ಷಿತವಲ್ಲ ಎಂದು ಗೊತ್ತಾಯಿತು. ನಮ್ಮ ಕೆರೆಗಳನ್ನು ಯಾರಾದರೂ ಹಾಗೆ ನೋಡಿದರೆ ಎಷ್ಟು ಉಳಿದಾವು?

ಕಾನೂನಿನ ಕಣ್ಣು ತಪ್ಪಿದರೆ ಹೊಣೆ ತಪ್ಪಿತೇ? ವಕೀಲಿಕೆ ಓದಿದ ನಿಮ್ಮ ಮಕ್ಕಳನ್ನು ಕೇಳಿ. ಅವರು ಮೊದಲ ವರ್ಷದಲ್ಲೇ ಓದುವ ರೈಲ್ಯಾಂಡ್ಸ್–ಫ್ಲೆಚರ್ ಮೊಕದ್ದಮೆ ಇಂಥದ್ದೇ ಖಾಸಗಿ ಕೆರೆಯದ್ದು. ಲ್ಯಾಂಕಾಶೈರಿನ ಗಿರಣಿ ಮಾಲೀಕ ಕಟ್ಟಿಸಿದ ಕೆರೆಯ ನೀರು ತಳದ ಹಳೆಯ ಗಣಿಬಾಯಿಗಳ ಮೂಲಕ ನೆರೆಯವನ ಕಲ್ಲಿದ್ದಲು ಗಣಿಗೆ ನುಗ್ಗಿತು. ತನ್ನ ಲಾಭಕ್ಕಾಗಿ ಅಪಾಯದ ವಸ್ತುವನ್ನು ತನ್ನ ನೆಲಕ್ಕೆ ತಂದಿಟ್ಟವನು, ಅದು ತಪ್ಪಿಸಿಕೊಂಡು ಮಾಡಿದ ಹಾನಿಗೆ ತಾನೇ ಹೊಣೆ ಎಂಬ ತತ್ವ ನಿಂತದ್ದು ಅಲ್ಲಿ, 1868ರಲ್ಲಿ. ಆರೇ ವರ್ಷದಲ್ಲಿ ಅದೇ ಪ್ರಶ್ನೆ ನಮ್ಮ ನೆರೆಯ ಕಾರ್ವೇಟಿನಗರದಿಂದ ಎದ್ದಿತು. ಜಮೀನ್ದಾರನ ಪುರಾತನ ಕೆರೆಗಳು ಒಡೆದು ಮದ್ರಾಸ್ ರೈಲ್ವೆಯ ಸೇತುವೆಗಳು ಹಾಳಾದವು. ಪ್ರಿವಿ ಕೌನ್ಸಿಲ್ ಜಮೀನ್ದಾರನನ್ನು ಬಿಟ್ಟಿತು. ಕಾರಣ ಗಮನಿಸಿ: ಈ ದೇಶದ ಕೆರೆಗಳು ಅನಾದಿಯಿಂದ ಊರ ಜನರ ಬದುಕಿಗಾಗಿ ಇರುವಂಥವು, ಅವನ್ನು ಕಾಪಾಡುವುದು ಜಮೀನ್ದಾರನ ಕರ್ತವ್ಯವೇ ಹೊರತು ಸ್ವಂತ ಲಾಭದ ಸಂಗ್ರಹವಲ್ಲ, ಅವನ ಕಡೆಯಿಂದ ಅಲಕ್ಷ್ಯವೂ ಕಂಡಿಲ್ಲ ಎಂದು. ನಾನು, ನೀವು ಕಟ್ಟಿಸಿಕೊಂಡ ಕೆರೆಗೆ ಈ ಯಾವ ರಕ್ಷೆಯೂ ಇಲ್ಲ. ಅದು ಊರಿಗಾಗಿ ಕಟ್ಟಿದ್ದಲ್ಲ. ಅನಾದಿಯದೂ ಅಲ್ಲ. ಅಲಕ್ಷ್ಯ ಮಾತ್ರ ಇದೆ.

ಹಾಗೆಂದು ಕೋರ್ಟಿನ ಭಯಕ್ಕೆ ನೀವು ಎಚ್ಚರಗೊಳ್ಳಬೇಕೆಂದು ನಾನು ಬಯಸುವುದಿಲ್ಲ. ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನಿಂದ, ಜಾರ್ಖಂಡ್‌ನಿಂದ ಬಂದವರಿದ್ದಾರೆ, ಯರವರಿದ್ದಾರೆ, ಬಯಲುಸೀಮೆಯ ಸಂಸಾರಗಳಿವೆ. ಆ ಜಾಗವನ್ನು ಅವರು ಆರಿಸಿಕೊಳ್ಳಲಿಲ್ಲ. ನೀರಿನ ಅನುಕೂಲವಿದೆ, ಸಮತಟ್ಟಾಗಿದೆ ಎಂದು ನಾವೇ ಹಳ್ಳದ ಬದಿಯಲ್ಲಿ ಕಟ್ಟಿಸಿ ಅವರನ್ನು ಇರಿಸಿದೆವು. ಮೇಲೆ ಕೆರೆ ಕಟ್ಟುವಾಗ ಅವರನ್ನು ಕೇಳಲಿಲ್ಲ. ಏರಿಯಲ್ಲಿ ನೀರು ಜಿನುಗುವುದನ್ನು ಕಂಡರೂ ಸಾಹುಕಾರರಿಗೆ ಹೇಳುವ ಧೈರ್ಯ ಅವರಿಗಿಲ್ಲ, ಹೇಳಲು ಭಾಷೆಯೂ ಇರಲಿಕ್ಕಿಲ್ಲ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿದಾಗ ನಿದ್ದೆಯಲ್ಲೇ ಹೋದವರಲ್ಲಿ ತೋಟದ ಪಾಡಿಗಳ ಕಾರ್ಮಿಕರೂ ಇದ್ದರು. ಅಲ್ಲಿ ಕುಸಿದದ್ದು ಬೆಟ್ಟ. ನಮ್ಮಲ್ಲಿ ಅವರ ತಲೆಯ ಮೇಲಿರುವುದು ನಾವೇ ಕೈಯಾರೆ ಇಟ್ಟ ನೀರು. ಬೆಟ್ಟದ ಮೇಲೆ, ದೇವರ ಮೇಲೆ ಹಾಕಿ ಕೈತೊಳೆದುಕೊಳ್ಳಲು ಇಲ್ಲಿ ಆಗದು.

ಕೆರೆ ಕಟ್ಟುವುದನ್ನು ನಮಗೆ ಯಾರೂ ಹೊರಗಿನಿಂದ ಕಲಿಸಬೇಕಾಗಿಲ್ಲ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಪೋರುಮಾಮಿಳ್ಳದ ಕೆರೆಯ ಶಾಸನ, 1369ರದು, ಇವತ್ತಿಗೂ ಕಡಪ ಜಿಲ್ಲೆಯಲ್ಲಿದೆ. ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ ಕೆರೆಗೆ ತಗಲುವ 6 ದೋಷಗಳನ್ನೂ ಅದು ಹೇಳುತ್ತದೆ. ದೋಷಗಳಲ್ಲಿ ಮೊದಲನೆಯದೇ ಏರಿಯಲ್ಲಿ ನೀರು ಒಸರುವುದು. ಅಂಗಗಳಲ್ಲಿ ಒಂದು, ಜಲಶಾಸ್ತ್ರ ಬಲ್ಲ ವಿದ್ವಾಂಸ. ರಾಜಕುಮಾರನಿಗೂ ಬಲ್ಲವನ ಮಾತು ಬೇಕಾಗಿತ್ತು. ದಿನಕ್ಕೆ ಸಾವಿರ ಆಳು ಎರಡು ವರ್ಷ ದುಡಿದು ಆ ಏರಿ ಕಟ್ಟಿದರು. ನಮ್ಮ ಊರೂರ ಶಾಸನಗಳಲ್ಲಿ ಕೆರೆ ಕಟ್ಟಿದವರಿಗೆ, ದುರಸ್ತಿ ಮಾಡಿದವರಿಗೆ ಕೊಟ್ಟ ಕಟ್ಟುಕೊಡಗೆಯ ಮಾತಿದೆ, ಕೆರೆಯ ಪಾಲನೆಗೆ ಬಿಟ್ಟ ಬಿತ್ತುವಟದ ಮಾತಿದೆ. ಮಳೆಗಾಲದ ರಾತ್ರಿ ಕಂಬಳಿ ಹೊದ್ದು ಏರಿಯ ಮೇಲೆ ನಡೆದವನು ನೀರಗಂಟಿ. ನಾವು ಕೆರೆಯನ್ನು ಉಳಿಸಿಕೊಂಡೆವು, ನೀರಗಂಟಿಯನ್ನು ಕಳೆದುಕೊಂಡೆವು.

ಆದ್ದರಿಂದ ಬೇಡಿಕೊಳ್ಳುತ್ತೇನೆ. ಈ ಮಳೆಗೆ ಮುಂಚೆ ನಿಮ್ಮ ಏರಿಯ ಹಿಂಬದಿಗೆ ಇಳಿಯಿರಿ. ಬುಡದವರೆಗೆ, ನೀವೇ, ರೈಟರ್‌ನನ್ನು ಕಳಿಸದೆ. ಕಾಡು ಸವರಿಸಿ ನೋಡಿ, ಏಕೆಂದರೆ ಕಾಡು ಬೆಳೆದ ಏರಿ ತನ್ನ ರೋಗ ಮುಚ್ಚಿಡುತ್ತದೆ. ತೇವವಿದೆಯೇ, ಜೊಂಡು ಹುಟ್ಟಿದೆಯೇ, ಒಸರಿದೆಯೇ? ಒಸರುವ ನೀರು ತಿಳಿಯಾಗಿದ್ದರೆ ಗುರುತು ಮಾಡಿ ದಿನವೂ ಗಮನಿಸಿ, ಎಂಜಿನಿಯರ್‌ಗೆ ತೋರಿಸಿ. ಕೆಂಪಾಗಿ, ಮಣ್ಣು ಹೊತ್ತು ಬರುತ್ತಿದ್ದರೆ ಒಂದು ಗಳಿಗೆಯೂ ಯೋಚಿಸಬೇಡಿ: ಕೆಳಗಿನ ಮನೆಗಳನ್ನು ತೆರವು ಮಾಡಿಸಿ, ಆಮೇಲೆ ಉಳಿದ ಮಾತು. ಕೋಡಿಯ ಬಲೆ ಇವತ್ತೇ ಕೀಳಿ. ತುಂಬಿದ ನೀರಿಗಿಂತ ಏರಿ ಮೂರಡಿಯಾದರೂ ಎತ್ತರವಿರಲಿ. ಕೋಡಿ ಎಷ್ಟು ಅಗಲವಿರಬೇಕೆಂದು ಹಿಟಾಚಿ ಡ್ರೈವರನನ್ನು ಕೇಳಬೇಡಿ, ನೀರಿನ ಲೆಕ್ಕ ಬಲ್ಲ ಸಿವಿಲ್ ಎಂಜಿನಿಯರನ್ನು ಕೇಳಿ. ನಿಮ್ಮ ಮೇಲಿನ ತೋಟದವರಿಗೂ ಕೆರೆಯಿದ್ದರೆ ಅವರ ಜೊತೆ ಕೂತು ಮಾತಾಡಿ, ಏಕೆಂದರೆ ಅವರದು ಒಡೆದರೆ ನಿಮ್ಮದು ನಿಲ್ಲುವುದಿಲ್ಲ.

ಖರ್ಚಿನ ಮಾತು ಬರುತ್ತದೆ, ಗೊತ್ತು. ನೂರು ಎಕರೆಯವರು ಖರ್ಚಿನ ಮಾತಾಡಿದರೆ ನಾನು ಕೇಳಲಾರೆ. ಐದು ಎಕರೆಯವರ ಕಷ್ಟ ನಿಜ, ಒಬ್ಬೊಬ್ಬರೇ ಎಂಜಿನಿಯರನ್ನು ಕರೆಸಲು ಅವರಿಂದ ಆಗದು. ಅದಕ್ಕೇ ಬೆಳೆಗಾರರ ಸಂಘಗಳಿರುವುದು. ದರ ಕುಸಿದಾಗ, ಆನೆ ಬಂದಾಗ ರಸ್ತೆಗಿಳಿಯುವ ಸಂಘ, ಹೋಬಳಿಗೊಬ್ಬ ಎಂಜಿನಿಯರನ್ನು ಗೊತ್ತುಮಾಡಿ ಮೇ ತಿಂಗಳಲ್ಲಿ ಕೆರೆ ಕೆರೆ ತಿರುಗಿಸಬಾರದೇ? ಕಾಫಿ ಮಂಡಳಿ ನೀರಾವರಿಗೆ ಸಹಾಯಧನ ಕೊಡುತ್ತದೆ. ಏರಿ, ಕೋಡಿ, ತೂಬು ಸರಿಯಿದೆ ಎಂಬ ತಪಾಸಣಾ ಪತ್ರ ನೋಡದೆ ಯಾವ ಕೆರೆಗೂ ಆ ಹಣ ಬಿಡುಗಡೆಯಾಗಬಾರದು. ರಾಜ್ಯ ಸರ್ಕಾರ ಕೊಡಗು, ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಖಾಸಗಿ ಕೆರೆಗಳನ್ನು ಗ್ರಾಮ ಪಂಚಾಯಿತಿವಾರು ಪಟ್ಟಿ ಮಾಡಬೇಕು. ಕಟ್ಟೆಯ ಎತ್ತರದ ಜೊತೆಗೆ ಕೆಳಗಿನ ಮನೆಗಳ ಸಂಖ್ಯೆಯೂ ಆ ಪಟ್ಟಿಯಲ್ಲಿರಬೇಕು. ಸಂಘದವರೇ ಇದನ್ನು ಕೇಳಿ ಪಡೆಯಲಿ. ನಮ್ಮ ಮೇಲೆ ನಿಯಮ ತನ್ನಿ ಎಂದು ನಾವೇ ಕೇಳುವುದು ಅವಮಾನವಲ್ಲ.

ದುರಸ್ತಿ ಈ ವರ್ಷ ಆಗದು ಎಂದಾದರೆ ಕೆರೆಯನ್ನು ತುಂಬಲು ಬಿಡಬೇಡಿ. ಮಳೆಗೆ ಮುಂಚೆಯೇ, ನೀರು ತಳ ಹಿಡಿದಿರುವಾಗ, ಬಲ್ಲವರನ್ನು ಮುಂದಿಟ್ಟುಕೊಂಡು ಏರಿಯನ್ನು ಅಗಲವಾಗಿ ಕಡಿಸಿ ಹಳ್ಳಕ್ಕೆ ದಾರಿ ಕೊಡಿ. ಮುಂದಿನ ಫೆಬ್ರವರಿಯಲ್ಲಿ ಸ್ಪ್ರಿಂಕ್ಲರ್ ತಿರುಗದೆ ಒಂದು ಫಸಲು ಕಡಿಮೆಯಾಗಬಹುದು, ಆಗಲಿ. ಕೆರೆ ಇರಲೇಬೇಕು ಎಂದಾದರೆ, ಅದು ಸರಿಹೋಗುವವರೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳ್ಳದ ಬದಿಯ ಲೈನಿನವರನ್ನು ಮೇಲಿನ ಗೋದಾಮಿಗೋ ನಿಮ್ಮ ಬಂಗಲೆಯ ಕೋಣೆಗೋ ಕರೆತನ್ನಿ. ಕೆಳಗಿನ ಊರಿನ ಮನೆಮನೆಗೂ ಹೋಗಿ ನಿಮ್ಮ ಫೋನ್ ನಂಬರ್ ಕೊಟ್ಟು, ಹಳ್ಳದ ನೀರು ದಿಢೀರನೆ ಕೆಂಪಾದರೆ ಯಾವ ಹೊತ್ತಿನಲ್ಲಾದರೂ ಕರೆಯಿರಿ, ಮಕ್ಕಳನ್ನು ಎತ್ತಿಕೊಂಡು ಗುಡ್ಡ ಹತ್ತಿರಿ ಎಂದು ಹೇಳಿ ಬನ್ನಿ. ಹಿಂದಿಯಲ್ಲೋ ಅಸ್ಸಾಮಿಯಲ್ಲೋ ಹೇಳಬೇಕಾದರೆ ಮೇಸ್ತ್ರಿಯನ್ನು ಜೊತೆಗೆ ಕರೆದುಕೊಂಡು ಹೋಗಿ. ಇದೇ ವಾರ ಹೋಗಿ.